ಮನೆಯಲ್ಲಿ ಬೈಕ್ ಎತ್ತುವಾಗ: ಸ್ಟ್ಯಾಂಡ್, ಜಾಕ್, ಲಿಫ್ಟ್‌ಗಳ ಅವಘಡಗಳು

ಬೈಕನ್ನು ನೆಲದಿಂದ ಗೇಣುದ್ದ ಮೇಲೆತ್ತಲು ಸಾಧ್ಯವಾದರೆ ಎಷ್ಟೋ ಕೆಲಸ ಮನೆಯಲ್ಲೇ ಆಗುತ್ತದೆ. ಚೈನ್ ತೊಳೆಯಬಹುದು, ಚಕ್ರ ಬಿಚ್ಚಿ ಪಂಕ್ಚರ್ ಅಂಗಡಿಗೆ ಒಯ್ಯಬಹುದು, ಬ್ರೇಕ್ ಪ್ಯಾಡ್ ಬದಲಿಸಬಹುದು, ಕೈ ಪಳಗಿದ್ದರೆ ಹಳೆಯ ಬುಲೆಟ್ಟಿನ ಎಂಜಿನ್ನನ್ನೇ ಇಳಿಸಬಹುದು. ಹಾಗೆ ಎತ್ತಲು ಬಳಸುವ ಸ್ಟ್ಯಾಂಡ್, ಜಾಕ್, ಮೇಜಿನಂತಹ ವೇದಿಕೆ ಎಲ್ಲವನ್ನೂ ಸೇರಿಸಿ ಮೋಟಾರ್‌ಸೈಕಲ್ ಲಿಫ್ಟ್ ಎನ್ನುವುದು ವಾಡಿಕೆ. ಗ್ಯಾರೇಜಿನಲ್ಲಿ ಇವನ್ನು ಬಳಸುವ ಮೆಕ್ಯಾನಿಕ್ಕಿಗೆ ಸಮತಟ್ಟಾದ ನೆಲ ಇರುತ್ತದೆ, ಕರೆದರೆ ಬಂದು ಹಿಡಿಯುವ ಹುಡುಗ ಇರುತ್ತಾನೆ, ದಿನವೂ ಬೈಕ್ ಎತ್ತಿ ಇಳಿಸಿದ ಕೈಯ ಅಂದಾಜು ಇರುತ್ತದೆ. ಮನೆಯಲ್ಲಿ ಈ ಮೂರೂ ಇರುವುದಿಲ್ಲ. ಆದರೂ ಅವಘಡ ಆಗುವ ಗಳಿಗೆಗಳು ಮಾತ್ರ ಎಲ್ಲೆಡೆ ಒಂದೇ. ಸರಿಯಾಗಿ ಎತ್ತಿ ನಿಲ್ಲಿಸಿದ ಬೈಕು ತಾನಾಗಿ ಬೀಳುವುದು ಅಪರೂಪ. ಅದು ಬೀಳುವುದು ಏರಿಸುವಾಗ ಅಥವಾ ಇಳಿಸುವಾಗ. ಇಲ್ಲದಿದ್ದರೆ ಮೇಲಿರುವಾಗಲೇ ಭಾರದ ಭಾಗವೊಂದನ್ನು ಕಳಚಿದಾಗ, ಜಗ್ಗದ ನಟ್ಟಿನ ಮೇಲೆ ಮೈಭಾರ ಹಾಕಿದಾಗ.

ಮನೆಗೆ ಬಂದಿರುವ ಸಾಧನಗಳು

ಹಿಂದೆ ಬಹುತೇಕ ಬೈಕುಗಳಿಗೆ ಸೆಂಟರ್ ಸ್ಟ್ಯಾಂಡ್ ಇರುತ್ತಿತ್ತು. ಡಬಲ್ ಸ್ಟ್ಯಾಂಡ್ ಎಂದೂ ಕರೆಯುವ ಅದನ್ನು ಹಾಕಿದರೆ ಹಿಂದಿನ ಚಕ್ರ ತಾನೇ ಮೇಲೇಳುತ್ತಿದ್ದರಿಂದ ಬೇರೆ ಸಾಧನ ಬೇಕಿರಲಿಲ್ಲ. ಸ್ಪ್ಲೆಂಡರ್, ಕ್ಲಾಸಿಕ್ 350, ಆಕ್ಟಿವಾಗಳಲ್ಲಿ ಅದು ಈಗಲೂ ಇದೆ. ಕೆಟಿಎಂ ಡ್ಯೂಕ್‌ನಂತಹ ಬೈಕುಗಳಿಗೆ ಸೈಡ್ ಸ್ಟ್ಯಾಂಡ್ ಮಾತ್ರ. ಇಂಥ ಬೈಕುಗಳ ಜೊತೆಗೇ ರೇಸ್ ಟ್ರ್ಯಾಕಿನ ಪ್ಯಾಡಾಕ್ ಸ್ಟ್ಯಾಂಡ್ ನಮ್ಮ ಮನೆಗಳಿಗೂ ಬಂತು. ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮಿಗೆ ಕೊಟ್ಟು ಉದ್ದನೆಯ ಹಿಡಿಯನ್ನು ಕೆಳಕ್ಕೆ ಒತ್ತಿದರೆ ಚಕ್ರ ಮೇಲೇಳುತ್ತದೆ. ಮುಂದಿನ ಚಕ್ರಕ್ಕೆ ಬೇರೆ ಸ್ಟ್ಯಾಂಡ್ ಉಂಟು. ಎಂಜಿನ್ ಅಡಿಗೆ ತೂರಿಸಿ ಇಡೀ ಬೈಕನ್ನು ಎತ್ತುವುದು ಸಿಸರ್ ಜಾಕ್. ಕತ್ತರಿಯಂತೆ ತೆರೆದುಕೊಳ್ಳುವ ಇದರ ತೋಳುಗಳನ್ನು ಸ್ಕ್ರೂ ತಿರುಗಿಸಿಯೋ ಹೈಡ್ರಾಲಿಕ್ ಪೆಡಲ್ ತುಳಿದೋ ಏರಿಸಬೇಕು. ಬೈಕನ್ನು ಚಕ್ರಗಳ ಸಮೇತ ಸೊಂಟದ ಎತ್ತರಕ್ಕೆ ಒಯ್ಯುವುದು ಟೇಬಲ್ ಲಿಫ್ಟ್. ಸರ್ವಿಸ್ ಸೆಂಟರುಗಳಲ್ಲಿ ಅದನ್ನು ರ‍್ಯಾಂಪ್ ಎಂದೇ ಕರೆಯುತ್ತಾರೆ.

ಇವನ್ನು ಆನ್‌ಲೈನಿನಲ್ಲಿ ತರಿಸುವವರಿದ್ದಾರೆ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕುವವರಿದ್ದಾರೆ, ಪಕ್ಕದ ವೆಲ್ಡಿಂಗ್ ಅಂಗಡಿಯಲ್ಲಿ ಅಳತೆ ಕೊಟ್ಟು ಮಾಡಿಸುವವರೂ ಇದ್ದಾರೆ. ಹಳೆಯ ಬೈಕುಗಳ ಹವ್ಯಾಸಿಗಳಿಗೂ ಇವು ಬೇಕು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಜಾವಾ, ಯೆಜ್ಡಿಗಳನ್ನು ಇಂದಿಗೂ ಓಡುವ ಸ್ಥಿತಿಯಲ್ಲಿ ಇಟ್ಟುಕೊಂಡಿರುವ ಹವ್ಯಾಸಿಗಳು ಮೈಸೂರು, ಬೆಂಗಳೂರುಗಳಲ್ಲಿ ಬಹಳ ಮಂದಿ. ಅವರ ಮನೆಯ ಶೆಡ್ಡು, ಪೋರ್ಟಿಕೋಗಳೇ ಅರ್ಧ ಗ್ಯಾರೇಜು. ದಶಕಗಳ ಬಳಕೆಯಿಂದ ಸವೆದ ಸೆಂಟರ್ ಸ್ಟ್ಯಾಂಡಿನ ಬುಷ್ಷು ಮತ್ತು ಕಿವಿಗಳು ಹಳೆಯ ಬೈಕುಗಳ ದೊಡ್ಡ ಅಪಾಯ. ನೋಡಲು ಸ್ಟ್ಯಾಂಡ್ ನಿಂತಿರುತ್ತದೆ. ಗಾಡಿಯನ್ನು ಸ್ವಲ್ಪ ಮುಂದಕ್ಕೆ ನೂಕಿದರೆ ಮಡಚಿಕೊಳ್ಳುತ್ತದೆ.

ಎತ್ತುವ ಭಾರ ಎಷ್ಟೆಂಬುದೂ ಗೊತ್ತಿರಬೇಕು. ಸ್ಪ್ಲೆಂಡರ್ ಪ್ಲಸ್ ಸುಮಾರು 112 ಕೆ.ಜಿ., ಈಗಿನ ಕ್ಲಾಸಿಕ್ 350 195 ಕೆ.ಜಿ., ಹಿಮಾಲಯನ್ 450 196 ಕೆ.ಜಿ. ಲಿಫ್ಟಿನ ಮೇಲೆ ಬರೆದಿರುವ ಸಾಮರ್ಥ್ಯ ಎಷ್ಟೋ ಸಲ ಪೌಂಡ್ ಲೆಕ್ಕದಲ್ಲಿರುತ್ತದೆ. 1,000 ಪೌಂಡ್ ಎಂದರೆ 454 ಕೆ.ಜಿ. ಆ ಅಂಕಿಯೂ ಭಾರ ಸರಿಯಾಗಿ ನಡುವೆ ಕುಳಿತಾಗಿನದು. ಬೈಕಿನ ಇಮ್ಮಡಿ ತೂಕ ಹೊರಬಲ್ಲ ಜಾಕ್ ಕೂಡ ಭಾರ ಅಂಚಿಗೆ ಸರಿದರೆ ಮಗುಚುತ್ತದೆ.

ಪ್ಯಾಡಾಕ್ ಸ್ಟ್ಯಾಂಡ್

ಪ್ಯಾಡಾಕ್ ಸ್ಟ್ಯಾಂಡಿಗೆ ಎರಡು ಬಗೆಯ ಹಿಡಿತಗಳಿವೆ. ರಬ್ಬರ್ ಹೊದಿಸಿದ ಎಲ್ ಆಕಾರದ ಪಟ್ಟಿಗಳು ಸ್ವಿಂಗ್ ಆರ್ಮಿನ ಅಡಿಯಲ್ಲಿ ಸುಮ್ಮನೆ ಕೂರುತ್ತವೆ. ಕವಲು ಆಕಾರದ ಕೊಕ್ಕೆಗಳು ಸ್ವಿಂಗ್ ಆರ್ಮಿಗೆ ಬೋಲ್ಟ್ ಮಾಡಿದ, ಬಾಬಿನ್ ಎಂಬ ಗುಂಡಿಗಳನ್ನು ಹಿಡಿಯುತ್ತವೆ. ಬಾಬಿನ್ ಕೂರಿಸುವ ತೂತು ಬೈಕಿನಲ್ಲಿ ಇದ್ದರೆ ಎರಡನೆಯದನ್ನೇ ಬಳಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಚೈನ್ ಆಯಿಲ್ ಸಿಡಿದು ಜಿಡ್ಡಾದ ಸ್ವಿಂಗ್ ಆರ್ಮಿನ ಮೇಲೆ ರಬ್ಬರ್ ಪಟ್ಟಿ ಜಾರುವುದು ಸುಲಭ. ಬಾಬಿನ್ನಿನ ಬೋಲ್ಟು ಬೈಕಿಗೆ ತಕ್ಕಂತೆ 6, 8 ಅಥವಾ 10 ಮಿ.ಮೀ. ಇರುತ್ತದೆ. ಗಿಡ್ಡ ಬೋಲ್ಟ್ ಹಾಕಿದರೆ ಎರಡು ಮೂರು ಮರೆ (ಥ್ರೆಡ್) ಮಾತ್ರ ಕಚ್ಚಿರುತ್ತದೆ, ಭಾರ ಬಿದ್ದಾಗ ಮರೆ ಕಿತ್ತು ಬರುತ್ತದೆ.

ಅತಿ ಸಾಮಾನ್ಯ ಅವಘಡ ಒಂದು ಬದಿ ಮಾತ್ರ ಕಚ್ಚಿಕೊಳ್ಳುವುದು. ಬೈಕಿನ ಹಿಂದೆ ನಿಂತವರಿಗೆ ಎಡಗಡೆಯ ಬಾಬಿನ್ ಚೆನ್ನಾಗಿ ಕಾಣುತ್ತದೆ, ಬಲಗಡೆಯದು ಸೈಲೆನ್ಸರ್ ಮರೆಯಲ್ಲಿ ಉಳಿಯುತ್ತದೆ. ಕೂತಿದೆ ಎಂದುಕೊಂಡು ಹಿಡಿ ಒತ್ತಿದರೆ ಬೈಕು ಒಂದು ಬದಿಯಿಂದ ಎದ್ದು ಬಲಕ್ಕೆ ವಾಲುತ್ತದೆ. ಎಡಕ್ಕೆ ವಾಲಿದರೆ ಸೈಡ್ ಸ್ಟ್ಯಾಂಡ್ ತಡೆಯುತ್ತದೆ. ಬಲಕ್ಕೆ ಯಾವ ತಡೆಯೂ ಇಲ್ಲ. ಆದ್ದರಿಂದ ಸಹಾಯಕ್ಕೆ ಒಬ್ಬರೇ ಇದ್ದರೆ ಅವರು ಬಲಗಡೆ ನಿಂತು ಹಿಂದಿನ ಸೀಟಿನ ಹಿಡಿಕೆ ಹಿಡಿದಿರಬೇಕು. ಏರಿಸುವಷ್ಟು ಹೊತ್ತೂ ಸೈಡ್ ಸ್ಟ್ಯಾಂಡ್ ಕೆಳಗೇ ಇರಲಿ.

ಮುಂದಿನ ಬ್ರೇಕನ್ನು ಮರೆಯುವುದು ಎರಡನೆಯ ತಪ್ಪು. ಬೈಕನ್ನು ಗೇರಿನಲ್ಲಿಟ್ಟರೆ ಸಾಕು ಎಂದು ಹಲವರು ನಂಬುತ್ತಾರೆ. ಗೇರು ಹಿಡಿಯುವುದು ಹಿಂದಿನ ಚಕ್ರವನ್ನು. ಅದು ನೆಲ ಬಿಟ್ಟ ಮೇಲೆ ಬೈಕನ್ನು ತಡೆಯುವುದು ಮುಂದಿನ ಚಕ್ರ ಮಾತ್ರ. ಹಿಡಿಯನ್ನು ಒತ್ತುವಾಗ ಬೈಕು ಸ್ವಲ್ಪ ಹಿಂದಕ್ಕೆ ಬರುತ್ತದೆ, ಇಳಿಸುವಾಗ ಮುಂದಕ್ಕೆ ಹೋಗುತ್ತದೆ. ಮುಂದೆ ಗೇಟಿನ ಕಡೆ ಇಳಿಜಾರಿದ್ದರೆ ಆ ನೂಕು ಸಾಕು, ಬೈಕು ಸ್ಟ್ಯಾಂಡನ್ನು ಬಿಟ್ಟು ಉರುಳಿಬಿಡುತ್ತದೆ. ಬ್ರೇಕ್ ಲಿವರಿಗೆ ಗಟ್ಟಿ ರಬ್ಬರ್ ಬ್ಯಾಂಡೋ ವೆಲ್ಕ್ರೋ ಪಟ್ಟಿಯೋ ಸುತ್ತಿ ಬಿಗಿದರೆ ಇದು ತಪ್ಪುತ್ತದೆ.

ಇಳಿಸುವುದು ಏರಿಸುವುದಕ್ಕಿಂತ ಅಪಾಯಕರ. ಕೆಲಸ ಮುಗಿದ ನಿರಾಳ ಮನಸ್ಸಿನಲ್ಲಿ ಹಿಡಿಯನ್ನು ಮೇಲೆತ್ತುತ್ತೇವೆ. ಚಕ್ರ ನೆಲ ಮುಟ್ಟಿದ ಕ್ಷಣದಿಂದ ಬೈಕು ಎರಡು ಚಕ್ರದ ಮೇಲೆ ಯಾವ ಆಸರೆಯೂ ಇಲ್ಲದೆ ನಿಂತಿರುತ್ತದೆ. ಕೆಲಸದ ನಡುವೆ ಕಾಲಿಗೆ ತಗಲುತ್ತದೆಂದು ಸೈಡ್ ಸ್ಟ್ಯಾಂಡನ್ನು ಮಡಚಿಟ್ಟಿದ್ದರೆ ಬೈಕು ಎಡಕ್ಕೋ ಬಲಕ್ಕೋ ಬಿದ್ದೇ ಬೀಳುತ್ತದೆ. ಇಳಿಸುವ ಮೊದಲು ಸೈಡ್ ಸ್ಟ್ಯಾಂಡ್ ತೆಗೆದಿದೆಯೇ ಎಂದು ಕೈಯಿಂದ ಮುಟ್ಟಿ ನೋಡುವುದೊಂದೇ ಇದಕ್ಕೆ ಪರಿಹಾರ.

ಮುಂದಿನ ಸ್ಟ್ಯಾಂಡಿನ ವಿಷಯದಲ್ಲಿ ಒಂದೇ ಮಾತು: ಹಿಂದಿನದು ಭದ್ರವಾಗಿ ನಿಂತ ಮೇಲೆಯೇ ಮುಂದಿನದು. ಹ್ಯಾಂಡಲಿನ ಕೆಳಗಿನ ತೂತಿಗೆ ಪಿನ್ ತೂರಿಸುವ ಬಗೆಯದಾದರೆ ಪಿನ್ನಿನ ದಪ್ಪ ಆ ತೂತಿಗೆ ಸರಿಯಾಗಿ ಹೊಂದಬೇಕು. ಸಣ್ಣ ಪಿನ್ ಅಲುಗಾಡುತ್ತದೆ, ಅಲುಗಾಡುವ ಪಿನ್ ಜಾರುತ್ತದೆ.

ಸಿಸರ್ ಜಾಕ್ ಮತ್ತು ಸರಿಯುವ ತೂಕ

ಮನೆಯಲ್ಲಿ ಬಳಸುವ ಸಾಧನಗಳಲ್ಲಿ ನಂಬಿಕೆಗೆ ಅತಿ ಕಡಿಮೆ ಅರ್ಹವಾದದ್ದು ಸಿಸರ್ ಜಾಕ್. ಚಿಕ್ಕದು, ಅಗ್ಗದ್ದು, ಮೂಲೆಯಲ್ಲಿಟ್ಟರೆ ಜಾಗ ತಿನ್ನದು. ಜನ ಕೊಳ್ಳುವುದೂ ಅದಕ್ಕೇ. ಆದರೆ ಸುಮಾರು 200 ಕೆ.ಜಿ. ತೂಕದ, ಎರಡು ಮೀಟರ್ ಉದ್ದದ ಯಂತ್ರವನ್ನು ಅದು ಮೊಳದುದ್ದದ ತಟ್ಟೆಯ ಮೇಲೆ ನಿಲ್ಲಿಸುತ್ತದೆ. ಬೈಕು ನಿಂತಿರಬೇಕಾದರೆ ಅದರ ಒಟ್ಟು ತೂಕದ ಕೇಂದ್ರ ಆ ತಟ್ಟೆಯ ಆಸರೆಯೊಳಗೇ ಇರಬೇಕು.

ಕ್ಲಾಸಿಕ್ 350ರ ಎರಡು ಚಕ್ರಗಳ ನಡುವಿನ ಅಂತರ 1,390 ಮಿ.ಮೀ. ತೂಕದ ಕೇಂದ್ರ ಸರಿಯಾಗಿ ನಡುವೆ ಇದೆ, ಜಾಕನ್ನು ಅದರ ಕೆಳಗೇ ಇಟ್ಟಿದ್ದೇವೆ ಎಂದುಕೊಳ್ಳೋಣ. ಈಗ ಹಿಂದಿನ ಚಕ್ರ ಬಿಚ್ಚುತ್ತೇವೆ. ಟೈರು, ಡಿಸ್ಕು, ಸ್ಪ್ರಾಕೆಟ್ ಸೇರಿ ಅದು 15 ಕೆ.ಜಿ. ಇದ್ದರೆ ಉಳಿದ 180 ಕೆ.ಜಿ.ಯ ಕೇಂದ್ರ ಸುಮಾರು 6 ಸೆಂ.ಮೀ. ಮುಂದಕ್ಕೆ ಸರಿಯುತ್ತದೆ. ತಕ್ಕಡಿಯ ಒಂದು ತಟ್ಟೆಯಿಂದ ತೂಕದ ಕಲ್ಲು ತೆಗೆದಂತೆ ಬೈಕಿನ ಮೂತಿ ಕೆಳಕ್ಕೆ ಬಾಗಲು ಹವಣಿಸುತ್ತದೆ. ತಟ್ಟೆಯ ನಡುವಿನಿಂದ ಅಂಚಿಗೆ ಇರುವ ದೂರವೇ 18-20 ಸೆಂ.ಮೀ. ಮೂರರಲ್ಲಿ ಒಂದು ಪಾಲು ಅಲ್ಲಿಗೇ ಮುಗಿಯಿತು. ಈ ಹೊತ್ತಿನಲ್ಲಿ ಒಬ್ಬರು ಹ್ಯಾಂಡಲ್ ಮೇಲೆ ಕೈಯೂರಿ 20 ಕೆ.ಜಿ.ಯಷ್ಟು ಭಾರ ಬಿಟ್ಟರೆ, ಹ್ಯಾಂಡಲ್ ಜಾಕಿನಿಂದ 60 ಸೆಂ.ಮೀ. ಮುಂದಿದ್ದರೆ, ಕೇಂದ್ರ ಇನ್ನೂ ಸುಮಾರು 5 ಸೆಂ.ಮೀ. ಸರಿಯುತ್ತದೆ. ನೆಲ ಮುಂದಕ್ಕೆ ಇಳಿಜಾರಿದ್ದರೆ ಮಿಕ್ಕಿದ್ದೂ ಕರಗುತ್ತದೆ.

ಅನುಭವಸ್ಥರು ಬಿಚ್ಚುವ ಭಾಗ ಯಾವುದೆಂದು ಮೊದಲೇ ಯೋಚಿಸಿ ಜಾಕನ್ನು ಅದರ ಎದುರು ದಿಕ್ಕಿಗೆ ಸ್ವಲ್ಪ ಸರಿಸಿ ಇಡುವುದು ಈ ಕಾರಣಕ್ಕೆ. ಹಿಂದಿನ ಚಕ್ರ ಬಿಚ್ಚುವುದಿದ್ದರೆ ಜಾಕ್ ಕೊಂಚ ಮುಂದೆ, ಮುಂದಿನ ಚಕ್ರ ಮತ್ತು ಫೋರ್ಕ್ ಬಿಚ್ಚುವುದಿದ್ದರೆ ಕೊಂಚ ಹಿಂದೆ. ಭಾಗ ಬಿಚ್ಚುವ ತುದಿಯ ಚೌಕಟ್ಟನ್ನು ಬೆಲ್ಟಿನಿಂದ ಕೆಳಕ್ಕೆ ಬಿಗಿದಿಡುವುದು ಇನ್ನೂ ಒಳ್ಳೆಯದು. ಪೆಟ್ರೋಲ್ ಟ್ಯಾಂಕನ್ನೂ ಮರೆಯಬಾರದು. 13 ಲೀಟರ್ ಪೆಟ್ರೋಲ್ ಎಂದರೆ ಸುಮಾರು 10 ಕೆ.ಜಿ.; ತುಂಬಿದ ಟ್ಯಾಂಕು ಆ ಭಾರವನ್ನೆಲ್ಲ ಎತ್ತರದಲ್ಲಿ ಇಟ್ಟಿರುತ್ತದೆ.

ಪಕ್ಕಕ್ಕೆ ಮಗುಚುವ ಲೆಕ್ಕ ಇನ್ನೂ ಗಾಬರಿ ಹುಟ್ಟಿಸುವಂಥದ್ದು. ಜಾಕ್ ತಾಗಿರುವ ಚೇಸಿಸ್ ಕೊಳವೆಗಳ ನಡುವೆ 20 ಸೆಂ.ಮೀ. ಅಂತರವಿದ್ದರೆ, ತಟ್ಟೆಯಿಂದ 60 ಸೆಂ.ಮೀ. ಎತ್ತರದಲ್ಲಿ ಬಿದ್ದ ಸುಮಾರು 32 ಕೆ.ಜಿ.ಯ ತಳ್ಳು 195 ಕೆ.ಜಿ.ಯ ಬೈಕನ್ನು ಉರುಳಿಸಬಲ್ಲದು. ಇದನ್ನು ಆಕ್ಸಲ್ ನಟ್ಟಿನ ಜೊತೆ ಇಟ್ಟು ನೋಡಿ. 90 ನ್ಯೂಟನ್ ಮೀಟರ್ ಬಿಗಿಯ ನಟ್ಟನ್ನು 30 ಸೆಂ.ಮೀ. ಉದ್ದದ ಸ್ಪ್ಯಾನರಿನಿಂದ ಸಡಿಲಿಸಲು 30 ಕೆ.ಜಿ.ಯಷ್ಟು ಬಲ ಬೇಕು. ತುಕ್ಕು ಹಿಡಿದಿದ್ದರೆ ಅದರ ಎರಡರಷ್ಟು. ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಎರಡೂ ಕೈಯಲ್ಲಿ ಎಳೆಯುತ್ತಿರುವಾಗ ಆ ಬಲವೆಲ್ಲ ಬೈಕಿನ ಮೇಲೆ ಎಳೆತವಾಗಿ ಬೀಳುತ್ತದೆ. ದೊಡ್ಡ ನಟ್ಟುಗಳನ್ನು ಬೈಕು ನೆಲದ ಮೇಲಿರುವಾಗಲೇ ಕಾಲು ಸುತ್ತು ಸಡಿಲಿಸಿಟ್ಟು ಆಮೇಲೆ ಎತ್ತಬೇಕು. ಕೊನೆಯ ಬಿಗಿಯೂ ನೆಲಕ್ಕಿಳಿದ ಮೇಲೆಯೇ.

ಜಾಕ್ ತಾಗುವ ಮೊದಲ ಕ್ಷಣವೂ ಸೂಕ್ಷ್ಮ. ಸೈಡ್ ಸ್ಟ್ಯಾಂಡ್ ಮೇಲೆ ಎಡಕ್ಕೆ ವಾಲಿದ ಬೈಕಿನ ಅಡಿಗೆ ಜಾಕ್ ತೂರಿಸಿ ಏರಿಸಿದರೆ ಎಡಗಡೆಯ ಕೊಳವೆ ಮೊದಲು ತಾಗಿ, ಅಲ್ಲಿಂದಲೇ ನೂಕು ಶುರುವಾಗಿ, ಬೈಕು ಬಲಕ್ಕೆ ಹೊರಳುತ್ತದೆ. ಒಬ್ಬರು ಬೈಕನ್ನು ನೆಟ್ಟಗೆ ಹಿಡಿದಿರಬೇಕು, ಇನ್ನೊಬ್ಬರು ಜಾಕ್ ಏರಿಸಬೇಕು. ಒಬ್ಬರೇ ಮಾಡಬಹುದಾದ ಕೆಲಸ ಇದಲ್ಲ.

ತಗ್ಗಿನಲ್ಲಿರುವಾಗ ಜಾಕಿನ ಸ್ಕ್ರೂ ಮೇಲೆ ಬೀಳುವ ಎಳೆತವೂ ಹೆಚ್ಚು. ತೋಳುಗಳು ನೆಲಕ್ಕೆ 15 ಡಿಗ್ರಿಯಷ್ಟೇ ಎದ್ದಿರುವಾಗ ಅಡ್ಡ ಸ್ಕ್ರೂವಿನ ಎಳೆತ ಮೇಲಿರುವ ಭಾರದ ಸುಮಾರು 3.7 ಪಟ್ಟು ಇರುತ್ತದೆ. 45 ಡಿಗ್ರಿಗೆ ಬಂದಾಗ ಭಾರದಷ್ಟಕ್ಕೆ ಇಳಿಯುತ್ತದೆ. ಅಗ್ಗದ ಜಾಕಿನ ಸ್ಕ್ರೂ ಮರೆ ಸವೆಯುವುದು, ಪಿನ್ ಬಾಗುವುದು ಆರಂಭದ ಈ ಕೆಲವು ಇಂಚುಗಳಲ್ಲಿ. ಇನ್ನೊಂದು ಸಂಗತಿ: ಜಾಕ್ ಏರಿದಂತೆ ಬೈಕಿನ ಶಾಕ್ ಅಬ್ಸಾರ್ಬರುಗಳು ಹಿಗ್ಗಿ ಚಕ್ರಗಳು ಕೆಳಕ್ಕೆ ಜೋತುಬೀಳುತ್ತವೆ. ಚಕ್ರ ನೆಲ ಬಿಡಬೇಕಾದರೆ ಅಂದುಕೊಂಡದ್ದಕ್ಕಿಂತ ಹೆಚ್ಚು ಎತ್ತಬೇಕಾಗುತ್ತದೆ. ಚಕ್ರದಡಿ ಒಂದು ಹಾಳೆ ಸರಾಗವಾಗಿ ಸರಿದರೆ ಸಾಕು, ಅಲ್ಲಿಗೆ ನಿಲ್ಲಿಸಬೇಕು.

ಎಂಜಿನ್ ಅಡಿಯಲ್ಲಿ ಏನಿದೆ?

ಜಾಕ್ ಇಡುವ ಮೊದಲು ನೆಲಕ್ಕೆ ಬಾಗಿ, ಟಾರ್ಚ್ ಬಿಟ್ಟು ನೋಡಬೇಕು. ಇಂಟರ್‌ಸೆಪ್ಟರ್ 650ಯಂತಹ ಬೈಕುಗಳಲ್ಲಿ ಎಂಜಿನ್ನಿನ ಎರಡೂ ಪಕ್ಕ ಹಾದುಹೋಗುವ ಚೇಸಿಸ್ ಕೊಳವೆಗಳಿವೆ. ಜಾಕ್ ಕೂರಬೇಕಾದದ್ದು ಅವುಗಳ ಅಡಿಗೆ. ಕೆಟಿಎಂ ಡ್ಯೂಕ್‌ನಲ್ಲಿ ಅಂಥ ಕೊಳವೆಗಳಿಲ್ಲ, ಎಂಜಿನ್ನೇ ಚೌಕಟ್ಟಿನ ಭಾಗ. ಅಲ್ಲಿ ಜಾಕ್ ನೇರವಾಗಿ ಅಲ್ಯೂಮಿನಿಯಂ ಕೇಸಿಗೋ ಸೈಲೆನ್ಸರ್ ಪೈಪಿಗೋ ತಾಗುತ್ತದೆ. ಆಯಿಲ್ ಡ್ರೈನ್ ಬೋಲ್ಟಿನ ಮೇಲೆ ಭಾರ ಬಿದ್ದರೆ ಕೇಸ್ ಸೀಳುತ್ತದೆ. ಇಂಥ ಬೈಕಿಗೆ ಸಿಸರ್ ಜಾಕ್ ಬಿಟ್ಟು ಪ್ಯಾಡಾಕ್ ಸ್ಟ್ಯಾಂಡ್ ಬಳಸುವುದೇ ಸರಿ.

ಹಳೆಯ ಎರಕದ ಕಬ್ಬಿಣದ (ಕಾಸ್ಟ್ ಐರನ್) ಎಂಜಿನ್ನಿನ ಬುಲೆಟ್ಟಿನಲ್ಲೂ ಚೌಕಟ್ಟು ಎಂಜಿನ್ ಅಡಿಯಲ್ಲಿ ಕೂಡಿಕೊಳ್ಳುವುದಿಲ್ಲ. ಮುಂದಿನ ಒಂಟಿ ಕೊಳವೆಯನ್ನೂ ಹಿಂದಿನ ಭಾಗವನ್ನೂ ಜೋಡಿಸಿರುವುದು ಎಂಜಿನ್ನೇ. ಅದನ್ನು ಇಳಿಸುವವರು ಚೌಕಟ್ಟಿನ ಮುಂಭಾಗಕ್ಕೆ ಮತ್ತು ಹಿಂಭಾಗಕ್ಕೆ ಬೇರೆ ಬೇರೆ ಆಸರೆ ಕೊಟ್ಟುಕೊಳ್ಳಬೇಕು. ಎಂಜಿನ್ ಅಡಿಗೆ ಇಟ್ಟ ಜಾಕ್ ಎಂಜಿನ್ ಇಳಿಸಲಿಕ್ಕೆ ಮಾತ್ರ.

ಹೈಡ್ರಾಲಿಕ್ ಜಾಕ್ ನಂಬಿ ಬಿಟ್ಟು ಹೋಗುವುದು

ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂಬುದು ಪಾಸ್ಕಲ್ ನಿಯಮ. ಜೋಸೆಫ್ ಬ್ರಾಮಾ 1795ರಲ್ಲಿ ಪೇಟೆಂಟ್ ಪಡೆದ ಹೈಡ್ರಾಲಿಕ್ ಪ್ರೆಸ್ಸಿನಿಂದ ಇಂದಿನ ಜಾಕಿನವರೆಗೂ ಎಲ್ಲ ನಡೆಯುವುದು ಅದರ ಮೇಲೆಯೇ. ಚಿಕ್ಕ ಪಿಸ್ಟನ್ನಿನ ಮೇಲೆ ಕಾಲಿನ ಒತ್ತು, ದೊಡ್ಡ ಪಿಸ್ಟನ್ನಿನ ಮೇಲೆ ಬೈಕಿನ ಭಾರ. ಆ ಭಾರವನ್ನು ತಡೆದು ನಿಲ್ಲಿಸಿರುವುದು ಒಂದು ರಬ್ಬರ್ ಸೀಲು, ಒಂದು ಚಿಕ್ಕ ವಾಲ್ವು. ಸೀಲಿನಲ್ಲಿ ಗೀರು ಬಿದ್ದಿದ್ದರೆ, ವಾಲ್ವಿನಲ್ಲಿ ಕಸ ಸಿಕ್ಕಿದ್ದರೆ ಎಣ್ಣೆ ನಿಧಾನವಾಗಿ ಹಿಂದಕ್ಕೆ ಸರಿಯುತ್ತದೆ. ಮಧ್ಯಾಹ್ನ ಎತ್ತಿಟ್ಟ ಬೈಕು ಸಂಜೆಗೆ ಎರಡು ಬೆರಳು ತಗ್ಗಿರುತ್ತದೆ. ಅದೂ ಓರೆಯಾಗಿ ತಗ್ಗಿದರೆ ರಾತ್ರಿ ಉರುಳುತ್ತದೆ.

ಎತ್ತುವುದು ಹೈಡ್ರಾಲಿಕ್ಕಿನ ಕೆಲಸ. ಎತ್ತಿದ್ದನ್ನು ಹಿಡಿದಿಡಲು ಬೇರೆಯದೇ ಬೇಕು: ಉಕ್ಕಿನ ಪಿನ್ನು, ಹಲ್ಲುಕಂಬಿ, ಜಾಕ್ ಸ್ಟ್ಯಾಂಡ್. ಒಳ್ಳೆಯ ಲಿಫ್ಟುಗಳಲ್ಲಿ ಬೇರೆ ಬೇರೆ ಎತ್ತರಕ್ಕೆ ಪಿನ್ ತೂರಿಸುವ ತೂತುಗಳಿರುತ್ತವೆ. ಪಿನ್ ಹಾಕಿ, ಭಾರವನ್ನು ಅದರ ಮೇಲೆ ಇಳಿಸಿ ಆಮೇಲೆ ಕೈ ಒಳಗೆ ಹಾಕಬೇಕು. ಈ ಉಕ್ಕಿನ ಆಸರೆಯನ್ನೂ ಕಣ್ಣಿಟ್ಟು ಪರೀಕ್ಷಿಸಬೇಕು. 2020ರಲ್ಲಿ ಅಮೆರಿಕದ ಹಾರ್ಬರ್ ಫ್ರೈಟ್ ಸಂಸ್ಥೆ ತಾನು ಮಾರಿದ್ದ 3 ಟನ್ ಮತ್ತು 6 ಟನ್ನಿನ ಜಾಕ್ ಸ್ಟ್ಯಾಂಡ್‌ಗಳನ್ನು ಭಾರೀ ಸಂಖ್ಯೆಯಲ್ಲಿ ವಾಪಸ್ ಕರೆಸಿಕೊಂಡಿತು. ಹಲ್ಲಿಗೆ ಕಚ್ಚಬೇಕಾದ ಕೊಂಡಿ ಭಾರವಿದ್ದಾಗಲೇ ಜಾರುವ ದೋಷ ಅವುಗಳಲ್ಲಿತ್ತು. ಕೊಂಡಿ ಹಲ್ಲಿನ ಬುಡದವರೆಗೆ ಕೂತಿದೆಯೇ ಎಂದು ಪ್ರತಿ ಸಲವೂ ನೋಡುವುದು ಅತಿ ಎಚ್ಚರಿಕೆಯೇನೂ ಅಲ್ಲ.

ಎಣ್ಣೆ ಕಡಿಮೆಯಾದರೆ ಜಾಕ್ ಎಣ್ಣೆಯನ್ನೇ ಹಾಕಬೇಕು. ಕೈಗೆ ಸಿಕ್ಕಿತೆಂದು ಬ್ರೇಕ್ ಆಯಿಲ್ ಸುರಿದರೆ ಒಳಗಿನ ಸೀಲುಗಳು ಉಬ್ಬಿ ಕೆಡುತ್ತವೆ. ಇಳಿಸುವ ವಾಲ್ವನ್ನು ಕೂದಲೆಳೆಯಷ್ಟು ತಿರುಗಿಸುವುದನ್ನು ಬೈಕಿಲ್ಲದ ಖಾಲಿ ಜಾಕಿನಲ್ಲೇ ರೂಢಿ ಮಾಡಿಕೊಳ್ಳಬೇಕು. ಒಮ್ಮೆಗೇ ಅರ್ಧ ಸುತ್ತು ತೆರೆದರೆ ಬೈಕು ಧೊಪ್ಪೆಂದು ಇಳಿಯುತ್ತದೆ, ಪಕ್ಕದಲ್ಲಿ ಇಟ್ಟ ಸ್ಪ್ಯಾನರ್ ಡಬ್ಬವೋ ಕಾಲ್ಬೆರಳೋ ತೋಳುಗಳ ನಡುವೆ ಸಿಗುತ್ತದೆ.

ಟೇಬಲ್ ಲಿಫ್ಟ್

ಜಾಗವೂ ಹಣವೂ ಇರುವವರಿಗೆ ಟೇಬಲ್ ಲಿಫ್ಟೇ ಸುರಕ್ಷಿತ. ಬೈಕು ತನ್ನ ಎರಡು ಚಕ್ರಗಳ ಮೇಲೆಯೇ ನಿಂತಿರುತ್ತದೆ, ಮುಂದಿನ ಚಕ್ರವನ್ನು ಹಿಡಿಕ್ಕಳ (ಕ್ಲಾಂಪ್) ಕಚ್ಚಿರುತ್ತದೆ. ಆದರೆ ಬಿದ್ದರೆ ಬೀಳುವುದು ಸೊಂಟದ ಎತ್ತರದಿಂದ.

ಇಲ್ಲಿನ ಕೆಟ್ಟ ಅಭ್ಯಾಸ ಎಂಜಿನ್ ಚಾಲೂ ಮಾಡಿ ಬೈಕಿನ ಮೇಲೆ ಕೂತೇ ಏರಿಸುವುದು. ಕ್ಲಚ್ ತುಸು ಹೆಚ್ಚು ಬಿಟ್ಟರೆ ಬೈಕು ಹಿಡಿಕ್ಕಳ ದಾಟಿ ಮುಂದಿನ ಗೋಡೆಗೆ ಹೋಗುತ್ತದೆ. ಏರಿದ ಮೇಲೆ ಕಾಲೂರಲು ಪಕ್ಕದಲ್ಲಿ ಜಾಗವೂ ಇರುವುದಿಲ್ಲ. ಎಂಜಿನ್ ಆರಿಸಿ, ಇಬ್ಬರು ಸೇರಿ ತಳ್ಳಿ ಹತ್ತಿಸಬೇಕು. ಹಿಡಿಕ್ಕಳವೊಂದನ್ನೇ ನೆಚ್ಚದೆ ಎರಡೂ ಬದಿಗೆ ರ‍್ಯಾಚೆಟ್ ಬೆಲ್ಟ್ ಬಿಗಿಯಬೇಕು. ಕೊಕ್ಕೆ ಹಾಕಬೇಕಾದದ್ದು ಫೋರ್ಕ್ ಹಿಡಿದಿರುವ ಗಟ್ಟಿ ಭಾಗಕ್ಕೆ. ಹ್ಯಾಂಡಲಿನ ತುದಿಗೆ ಹಾಕಿದರೆ ಹ್ಯಾಂಡಲ್ ತಿರುಗಿ ಬೆಲ್ಟ್ ಸಡಿಲಾಗುತ್ತದೆ. ಫೋರ್ಕ್ ಅರ್ಧದಷ್ಟು ಕುಗ್ಗುವವರೆಗೆ ಬಿಗಿದರೆ ಸಾಕು. ಹಿಂದಿನ ಚಕ್ರ ಬಿಚ್ಚಲೆಂದು ಕೆಲವು ಟೇಬಲ್‌ಗಳಲ್ಲಿ ತೆಗೆಯಬಹುದಾದ ತಗಡು ಇರುತ್ತದೆ. ಕಳೆದ ಸಲ ತೆಗೆದದ್ದನ್ನು ಹಾಕದೆ ಬೈಕು ಹತ್ತಿಸಿದರೆ ಚಕ್ರ ಆ ಗುಂಡಿಗೆ ಇಳಿದು ಬೈಕು ಮಗ್ಗುಲಾಗುತ್ತದೆ.

ತಿರುಗುವ ಚಕ್ರ ಮತ್ತು ಬೆರಳು

ಬೈಕು ಬಿದ್ದರೆ ಲಿವರು ಮುರಿಯುತ್ತದೆ, ಟ್ಯಾಂಕು ನಗ್ಗುತ್ತದೆ. ಹಣ ಕೊಟ್ಟರೆ ಎರಡೂ ಸಿಗುತ್ತವೆ. ಮನೆಯ ಸ್ಟ್ಯಾಂಡಿನ ಮೇಲೆ ಆಗುವ ಅತಿ ಕ್ರೂರ ಅವಘಡದಲ್ಲಿ ಬೈಕು ಬೀಳುವುದೇ ಇಲ್ಲ. ಹಿಂದಿನ ಚಕ್ರ ಎತ್ತಿ, ಎಂಜಿನ್ ಚಾಲೂ ಮಾಡಿ, ಒಂದನೇ ಗೇರಿಗೆ ಹಾಕಿ, ತಾನಾಗಿ ತಿರುಗುವ ಚೈನಿಗೆ ಬಟ್ಟೆ ಹಿಡಿದು ಒರೆಸುವುದು ಎಲ್ಲೆಲ್ಲೂ ಕಾಣುವ ರೂಢಿ. ಕೈಯಿಂದ ಚಕ್ರ ತಿರುಗಿಸುವ ಶ್ರಮ ಉಳಿಯುತ್ತದೆ, ಕೆಲಸ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಬೆರಳು ಹೋಗುವುದೂ ಹೀಗೆಯೇ.

ಚಕ್ರ ಸೆಕೆಂಡಿಗೆ ಒಂದೇ ಸುತ್ತು ತಿರುಗುತ್ತಿದೆ, ಹಿಂದಿನ ಸ್ಪ್ರಾಕೆಟ್ಟಿಗೆ 42 ಹಲ್ಲು, ಚೈನಿನ ಕೊಂಡಿಯಿಂದ ಕೊಂಡಿಗೆ 15.875 ಮಿ.ಮೀ. ಎಂದಿಟ್ಟುಕೊಂಡರೂ ಚೈನು ಸೆಕೆಂಡಿಗೆ ಸುಮಾರು 67 ಸೆಂ.ಮೀ. ಓಡುತ್ತಿರುತ್ತದೆ. ಬಟ್ಟೆಯ ಅಂಚು ಹಲ್ಲಿಗೆ ಸಿಕ್ಕಿತು ಎಂದು ತಿಳಿದು ಕೈ ಹಿಂದೆಗೆಯಲು ಸೆಕೆಂಡಿನ ಐದನೇ ಒಂದು ಭಾಗ ಹಿಡಿದರೆ, ಅಷ್ಟರಲ್ಲಿ ಚೈನು 13 ಸೆಂ.ಮೀ. ಮುಂದೆ ಹೋಗಿ, ಬಟ್ಟೆಯ ಜೊತೆಗೆ ಬೆರಳುಗಳೂ ಚೈನು ಮತ್ತು ಹಲ್ಲಿನ ನಡುವೆ ಹೊಕ್ಕಿರುತ್ತವೆ. ಕೈಗವಸು ಹಾಕಿದ್ದರೆ ಅದೇ ಕೈಯನ್ನು ಒಳಗೆಳೆಯುತ್ತದೆ. ಮನೆಯಲ್ಲಿ ಉಟ್ಟ ಲುಂಗಿ, ಪಂಚೆ, ಹೆಗಲ ಮೇಲಿನ ಟವೆಲ್, ದುಪಟ್ಟಾ ಎಲ್ಲವೂ ಅದೇ ದಾರಿ. ಚೈನು ಒರೆಸುವಾಗ ಕೀ ತೆಗೆದು ಜೇಬಿನಲ್ಲಿರಬೇಕು, ಗೇರು ನ್ಯೂಟ್ರಲ್ಲಿನಲ್ಲಿರಬೇಕು, ಚಕ್ರ ತಿರುಗಿಸುವುದು ಕೈಯಿಂದಲೇ ಆಗಬೇಕು. ಅದೂ ಚೈನು ಸ್ಪ್ರಾಕೆಟ್ಟಿಗೆ ಹೊಕ್ಕುವ ಕಡೆ ಬಿಟ್ಟು ಹೊರಬರುವ ಕಡೆ ಒರೆಸುತ್ತ. ಎಂಜಿನ್ ಚಾಲೂ ಇದ್ದರೆ ನ್ಯೂಟ್ರಲ್ಲೂ ಭರವಸೆಯಲ್ಲ. ತಣ್ಣಗಿರುವ ದಪ್ಪ ಎಣ್ಣೆ ಗೇರ್‌ಬಾಕ್ಸಿನೊಳಗಿನ ಗೇರುಗಳನ್ನು ಎಳೆದು ಚಕ್ರವನ್ನು ತಿರುಗಿಸಬಲ್ಲದು.

ಚಕ್ರ ಗೇರಿನಲ್ಲಿ ತಿರುಗುತ್ತಿರುವಾಗಲೇ ಬೈಕು ಸ್ಟ್ಯಾಂಡಿನಿಂದ ಜಾರಿದರೆ ಟೈರು ನೆಲ ಮುಟ್ಟಿದ ಕೂಡಲೇ ಬೈಕು ಸವಾರನಿಲ್ಲದೆ ಮುಂದಕ್ಕೆ ಚಿಮ್ಮುತ್ತದೆ. ಎಲೆಕ್ಟ್ರಿಕ್ ಸ್ಕೂಟರಿನ ಅಪಾಯ ಬೇರೆ ಬಗೆಯದು. ಅದು ಚಾಲೂ ಇದೆಯೆಂದು ಕಿವಿಗೆ ತಿಳಿಯುವುದಿಲ್ಲ. ಸೆಂಟರ್ ಸ್ಟ್ಯಾಂಡ್ ಹಾಕಿ ಒರೆಸುತ್ತಿರುವಾಗ ಪಕ್ಕದಲ್ಲಿದ್ದ ಮಗು ಆಕ್ಸಿಲರೇಟರ್ ತಿರುಗಿಸಿದರೆ ಚಕ್ರ ಸದ್ದಿಲ್ಲದೆ ರಭಸವಾಗಿ ತಿರುಗಬಹುದು.

ಮಕ್ಕಳ ಮಾತು ಇಲ್ಲೇ ಹೇಳಿಬಿಡಬೇಕು. ಎತ್ತರದಲ್ಲಿ ನಿಂತ ಬೈಕು ಅವರಿಗೆ ಹತ್ತಬೇಕೆನಿಸುವ ವಸ್ತು, ಜಾಕಿನ ಕತ್ತರಿ ತೋಳು ಬೆರಳು ತೂರಿಸಿ ನೋಡಬೇಕೆನಿಸುವ ವಸ್ತು. ಊಟಕ್ಕೆಂದು ಒಳಗೆ ಹೋಗುವುದಿದ್ದರೂ ಬೈಕನ್ನು ಇಳಿಸಿ ಹೋಗಬೇಕು. ಚಕ್ರ ಬಿಚ್ಚಿದ್ದರಿಂದ ಇಳಿಸಲಾಗದಿದ್ದರೆ ಯಾರಾದರೂ ಕಾವಲಿರಬೇಕು.

ಅನಗತ್ಯವಾದ ಒಂದು ಗಾಬರಿಯೂ ಉಂಟು. ಎಬಿಎಸ್ ಇರುವ ಬೈಕಿನ ಹಿಂದಿನ ಚಕ್ರವನ್ನಷ್ಟೇ ಸ್ಟ್ಯಾಂಡಿನ ಮೇಲೆ ಓಡಿಸಿದರೆ ಮುಂದಿನ ಚಕ್ರ ನಿಂತಿರುವುದನ್ನು ಕಂಡು ಎಬಿಎಸ್ ಎಚ್ಚರಿಕೆ ದೀಪ ಹತ್ತಬಹುದು. ಕೀ ಆಫ್ ಮಾಡಿ ಮತ್ತೆ ಆನ್ ಮಾಡಿ ಸ್ವಲ್ಪ ದೂರ ಓಡಿಸಿದರೆ ಸಾಮಾನ್ಯವಾಗಿ ಆರುತ್ತದೆ.

ಪೋರ್ಟಿಕೋದ ನೆಲ

ಮಳೆನೀರು ಹರಿದುಹೋಗಲೆಂದು ನಮ್ಮ ಪೋರ್ಟಿಕೋಗಳ ನೆಲವನ್ನು ಗೇಟಿನ ಕಡೆಗೆ ಇಳಿಜಾರು ಮಾಡಿರುತ್ತಾರೆ. ಮೂರು ಮೀಟರಿಗೆ ನಾಲ್ಕೈದು ಸೆಂ.ಮೀ. ಇಳಿತ ಕಣ್ಣಿಗೆ ಕಾಣದು. ಗಾಲಿಯಿರುವ ಜಾಕಿಗೆ ಅಷ್ಟು ಸಾಕು. ನೆಲದ ಮೇಲೆ ಗೋಲಿ ಬಿಟ್ಟು ನೋಡಿ, ಅದು ಓಡುವ ದಿಕ್ಕಿಗೆ ಬೈಕನ್ನು ಅಡ್ಡ ನಿಲ್ಲಿಸದೆ, ಮೂತಿಯನ್ನು ಏರುಕಡೆಗೆ ಮಾಡಿ ನಿಲ್ಲಿಸಬೇಕು. ಜಾಕಿನ ಗಾಲಿಗಳಿಗೆ ಅಡ್ಡಗಲ್ಲು ಕೊಡಬೇಕು.

ನೆಲದ ಗಟ್ಟಿತನ ಇನ್ನೊಂದು ಪ್ರಶ್ನೆ. ಬೈಕಿನ ಭಾರವೆಲ್ಲ ಜಾಕಿನ ನಾಲ್ಕು ಪುಟ್ಟ ಗಾಲಿಗಳ ಮೂಲಕ ನೆಲಕ್ಕಿಳಿಯುತ್ತದೆ. ಹಾಸುವಾಗ ಅಡಿಯಲ್ಲಿ ಗಾರೆ ಸರಿಯಾಗಿ ಕೂರದೆ ಟೊಳ್ಳು ಉಳಿದ ಟೈಲು, ಶಹಾಬಾದ್ ಕಲ್ಲು, ಕಡಪಾ ಕಲ್ಲುಗಳು ಇಂಥ ಭಾರಕ್ಕೆ ಒಡೆಯುತ್ತವೆ. ಇಂಟರ್‌ಲಾಕ್ ಇಟ್ಟಿಗೆ ಒಂದು ಮೂಲೆಗೆ ಕುಸಿಯುತ್ತದೆ. ಕರಾವಳಿ, ಮಲೆನಾಡಿನ ಮಣ್ಣಿನ ಅಂಗಳದಲ್ಲಿ ಮಳೆಗಾಲದಲ್ಲಿ ಜಾಕ್ ಇಡುವುದೇ ಬೇಡ. ದಪ್ಪ ಪ್ಲೈವುಡ್ ಹಲಗೆ ಹಾಸಿ ಅದರ ಮೇಲೆ ಜಾಕ್ ಇಟ್ಟರೆ ಭಾರ ಹರಡುತ್ತದೆ. ಒದ್ದೆ ನೆಲದಲ್ಲಿ, ಎಣ್ಣೆ ಚೆಲ್ಲಿದ ನೆಲದಲ್ಲಿ ಮೊದಲು ಜಾರುವುದು ಬೈಕನ್ನು ಹಿಡಿದವರ ಕಾಲು.

ಇಟ್ಟಿಗೆ, ಫ್ಯಾನ್ ಹುಕ್ಕು, ಚೈನ್ ಪುಲ್ಲಿ

ಸಾಧನ ಇಲ್ಲದಾಗ ಇಟ್ಟಿಗೆಯ ಮೇಲೆ ಇಟ್ಟಿಗೆ ಪೇರಿಸಿ ಬೈಕು ನಿಲ್ಲಿಸುವುದುಂಟು. ಇಟ್ಟಿಗೆ ಮತ್ತು ಟೊಳ್ಳು ಕಾಂಕ್ರೀಟ್ ಬ್ಲಾಕುಗಳು ಗೋಡೆಯ ಹರಡಿದ ಭಾರವನ್ನು ಹೊರುತ್ತವೆ. ಉಕ್ಕಿನ ಮೊನೆಯೊಂದು ಒಂದೇ ಜಾಗದಲ್ಲಿ ಒತ್ತಿದರೆ ಮುನ್ಸೂಚನೆಯಿಲ್ಲದೆ ಸೀಳಿಹೋಗುತ್ತವೆ. ಮರ ಹಾಗಲ್ಲ, ಮುರಿಯುವ ಮೊದಲು ಬಾಗುತ್ತದೆ, ಸದ್ದು ಮಾಡುತ್ತದೆ. ಗಟ್ಟಿ ಮರದ ಅಗಲ ದಿಮ್ಮಿ ಇಟ್ಟಿಗೆಗಿಂತ ಎಷ್ಟೋ ಮೇಲು.

ತಾರಸಿಯ ಫ್ಯಾನ್ ಹುಕ್ಕಿಗೆ ಚೈನ್ ಪುಲ್ಲಿ ನೇತುಹಾಕಿ ಬೈಕು ಎತ್ತುವುದನ್ನು ಖಡಾಖಂಡಿತವಾಗಿ ಬಿಡಬೇಕು. ಆ ಕೊಕ್ಕೆಯನ್ನು ಇಟ್ಟಿರುವುದು ಕೆಲವೇ ಕೆ.ಜಿ. ತೂಕದ ಫ್ಯಾನಿಗೆ. ಚೈನ್ ಪುಲ್ಲಿಯೇ ಬೇಕೆಂದರೆ ನೆಲದ ಮೇಲೆ ನಿಲ್ಲುವ, ಭಾರದ ಅಳತೆ ಗೊತ್ತಿರುವ ಉಕ್ಕಿನ ಚೌಕಟ್ಟು ಬೇಕು. ಹಗ್ಗಕ್ಕೆ ಬದಲು ಚಪ್ಪಟೆ ಬೆಲ್ಟು ಬೇಕು.

ಪೆಟ್ರೋಲ್

ಬಿದ್ದ ಬೈಕಿನಿಂದ ಪೆಟ್ರೋಲ್ ಸೋರಬಹುದು. ಕಾರ್ಬ್ಯುರೇಟರ್ ಇರುವ ಹಳೆಯ ಬೈಕಾದರೆ ಖಂಡಿತ ಸೋರುತ್ತದೆ. ಸೊನ್ನೆಗಿಂತ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಅದರಿಂದ ಏಳುತ್ತದೆ. ಆ ಆವಿ ಗಾಳಿಗಿಂತ ಭಾರವಾದ್ದರಿಂದ ನೆಲಮಟ್ಟದಲ್ಲೇ ಹರಿದು ತಗ್ಗಿನ ಕಡೆ ಸೇರುತ್ತದೆ. ಪಕ್ಕದಲ್ಲಿ ಗ್ಯಾಸ್ ಗೀಸರ್ ಇದ್ದರೆ, ತುಳಸಿಕಟ್ಟೆಯಲ್ಲಿ ದೀಪ ಉರಿಯುತ್ತಿದ್ದರೆ, ಯಾರೋ ಗ್ರೈಂಡರ್ ಹಿಡಿದು ಕಬ್ಬಿಣ ಕೊಯ್ಯುತ್ತಿದ್ದರೆ ಅಲ್ಲಿಯವರೆಗೂ ಅದು ಹೋಗಬಲ್ಲದು. ದೊಡ್ಡ ಕೆಲಸಕ್ಕೆ ಮೊದಲು ಟ್ಯಾಂಕ್ ಬಿಚ್ಚಿ ಬೇರೆಡೆ ಇಟ್ಟು ಬ್ಯಾಟರಿಯ ನೆಗೆಟಿವ್ ತಂತಿ ಕಳಚುವುದು ಒಳ್ಳೆಯದು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿ ನೋಡಬಾರದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ.

ಬೈಕು ಬೀಳತೊಡಗಿದರೆ

ಬಿಟ್ಟುಬಿಡಬೇಕು. ಇಷ್ಟಪಟ್ಟು ಕೊಂಡ ಬೈಕು ವಾಲಿದಾಗ ಕೈ ತಾನಾಗಿ ಮುಂದೆ ಹೋಗುತ್ತದೆ. ಆದರೆ ಜಾಕಿನಿಂದ ಕಳಚಿದ 195 ಕೆ.ಜಿ.ಯನ್ನು ಯಾರ ಕೈಯೂ ತಡೆಯದು. ಬೆನ್ನು ಉಳುಕುವುದು, ಲಿವರ್ ಮತ್ತು ನೆಲದ ನಡುವೆ ಕೈ ಜಜ್ಜುವುದು, ಕಾಲು ಸೈಲೆನ್ಸರ್ ಅಡಿಗೆ ಸಿಕ್ಕಿ ಸುಡುವುದು ಈ ಪ್ರಯತ್ನದಲ್ಲೇ. ಕೆಲಸ ಶುರುಮಾಡುವ ಮೊದಲೇ ಹಿಂದೆ ಸರಿಯುವ ಜಾಗ ನೋಡಿಕೊಂಡಿರಬೇಕು. ಗೋಡೆ ಮತ್ತು ಬೈಕಿನ ನಡುವೆ ಕೂತು ಕೆಲಸ ಮಾಡುವವರಿಗೆ ಆ ಜಾಗ ಇರುವುದಿಲ್ಲ. ಸಹಾಯಕ್ಕೆ ಕರೆದ ಅಣ್ಣ, ತಮ್ಮ, ಹೆಂಡತಿ ಯಾರೇ ಇರಲಿ, ‘ಬಿಡು’ ಎಂದ ಕೂಡಲೇ ಕೈಬಿಟ್ಟು ಹಿಂದೆ ಸರಿಯಬೇಕು ಎಂದು ಮೊದಲೇ ಮಾತಾಡಿಕೊಂಡಿರಬೇಕು. ಒಬ್ಬರು ಬಿಟ್ಟು ಇನ್ನೊಬ್ಬರು ಹಿಡಿದಿದ್ದರೆ ಏಟು ಹಿಡಿದವರಿಗೆ.

ಯಾರಾದರೂ ಅಡಿಯಲ್ಲಿ ಸಿಕ್ಕಿದ್ದರೆ ಮೊದಲು ಕೀ ಆಫ್ ಮಾಡಿ, ಅಕ್ಕಪಕ್ಕದವರನ್ನು ಕೂಗಿ ಕರೆದು, ಮೂರು ನಾಲ್ಕು ಜನ ಸೇರಿ ಬೈಕನ್ನು ಎತ್ತಿ ಆದಷ್ಟು ಬೇಗ ಬಿಡಿಸಬೇಕು. 108 ಅಥವಾ 112ಕ್ಕೆ ಕರೆ ಮಾಡಬೇಕು. ಹೊರಗೆ ಗಾಯ ಕಾಣದಿದ್ದರೂ ಎದೆ, ಹೊಟ್ಟೆ, ತೊಡೆಗೆ ಭಾರ ಬಿದ್ದಿದ್ದರೆ ಆಸ್ಪತ್ರೆಗೆ ಹೋಗಲೇಬೇಕು. ಸುಟ್ಟ ಜಾಗಕ್ಕೆ ಟೂತ್‌ಪೇಸ್ಟ್ ಹಚ್ಚದೆ, ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿಯಬೇಕು.

ಬೆರಳು ತುಂಡಾಗಿದ್ದರೆ ಗಾಯದ ಮೇಲೆ ಶುದ್ಧ ಬಟ್ಟೆ ಒತ್ತಿ ಹಿಡಿದು ಕೈಯನ್ನು ಎದೆಗಿಂತ ಮೇಲೆ ಎತ್ತಿ ಇಡಬೇಕು. ತುಂಡಾದ ಭಾಗವನ್ನು ಹುಡುಕಿ, ಶುದ್ಧ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಗಟ್ಟಿಯಾಗಿ ಮುಚ್ಚಿ, ಆ ಚೀಲವನ್ನು ಐಸ್ ಬೆರೆಸಿದ ನೀರಿನಲ್ಲಿ ಇಡಬೇಕು. ಬೆರಳನ್ನು ನೇರವಾಗಿ ಐಸಿನ ಮೇಲಿಟ್ಟರೆ ಜೀವಕೋಶಗಳು ಹೆಪ್ಪುಗಟ್ಟಿ ಹಾಳಾಗುತ್ತವೆ. ಮೈಕ್ರೋಸರ್ಜರಿ ಇರುವ ಆಸ್ಪತ್ರೆ ಯಾವುದೆಂದು ಆಂಬುಲೆನ್ಸಿನವರನ್ನೇ ಕೇಳಬೇಕು. ಚೈನಿಗೆ ಸಿಕ್ಕ ಬೆರಳು ಜಜ್ಜಿಹೋಗಿರುವುದರಿಂದ ಮರುಜೋಡಣೆ ಕಷ್ಟ. ಆದರೂ ಅದನ್ನು ನಿರ್ಧರಿಸಬೇಕಾದವರು ಶಸ್ತ್ರವೈದ್ಯರು. ಆ ತುಂಡನ್ನು ಬಿಟ್ಟು ಹೋಗಬಾರದು.

ಬಿದ್ದ ಬೈಕು, ಬಾಗಿದ ಜಾಕ್

ಬಿದ್ದ ಬೈಕನ್ನು ಎತ್ತಿದ ಕೂಡಲೇ ಸ್ಟಾರ್ಟ್ ಮಾಡಬಾರದು. ಮಗ್ಗುಲಾಗಿ ಮಲಗಿದ್ದಾಗ ಎಣ್ಣೆ ಸಿಲಿಂಡರಿಗೋ ಏರ್ ಫಿಲ್ಟರಿಗೋ ಇಳಿದಿರಬಹುದು. ಸ್ವಲ್ಪ ಹೊತ್ತು ನೆಟ್ಟಗೆ ನಿಲ್ಲಿಸಿ, ಎಣ್ಣೆಯ ಮಟ್ಟ ನೋಡಿ, ಕಿಕ್ಕರ್ ಇದ್ದರೆ ಮೊದಲು ಕೈಯಿಂದ ಮೆಲ್ಲಗೆ ಒತ್ತಿ ಎಂಜಿನ್ ಸರಾಗವಾಗಿ ತಿರುಗುತ್ತದೆಯೇ ಎಂದು ನೋಡಬೇಕು. ಹ್ಯಾಂಡಲ್ ನೇರವಿದೆಯೇ, ಆಕ್ಸಿಲರೇಟರ್ ಬಿಟ್ಟಾಗ ತಾನಾಗಿ ಹಿಂದಕ್ಕೆ ಬರುತ್ತದೆಯೇ, ಬ್ರೇಕ್ ಲಿವರಿನಲ್ಲಿ ಬಿರುಕಿದೆಯೇ, ಬ್ರೇಕ್ ಡಿಸ್ಕು ಡೊಂಕಾಗಿದೆಯೇ ಎಂದು ಪರೀಕ್ಷಿಸಿ, ಮೊದಲ ಓಟವನ್ನು ಗಲ್ಲಿಯೊಳಗೇ ನಿಧಾನವಾಗಿ ಮುಗಿಸಬೇಕು.

ಆಮೇಲೆ ಲಿಫ್ಟನ್ನು ಪರೀಕ್ಷಿಸಬೇಕು. ಇದನ್ನು ಬಹುತೇಕ ಯಾರೂ ಮಾಡುವುದಿಲ್ಲ. ಬೈಕು ಜಾರಿ ಬಿದ್ದಾಗ ಜಾಕಿನ ತೋಳು ಅಡ್ಡ ತಿರುಚಿಕೊಂಡಿರುತ್ತದೆ, ಬೆಸುಗೆಯ ಅಂಚಿನಲ್ಲಿ ಕೂದಲಿನಂಥ ಬಿರುಕು ಬಿಟ್ಟಿರುತ್ತದೆ. ಬಣ್ಣ ಎದ್ದಿರುವ ಕಡೆ ಚಾಕುವಿನಿಂದ ಕೆರೆದರೆ ಬಿರುಕು ಕಾಣುತ್ತದೆ. ಬಾಗಿದ ತೋಳನ್ನು ಸುತ್ತಿಗೆಯಿಂದ ಬಡಿದು ನೇರ ಮಾಡಿಸಿ, ಬೆಸುಗೆ ಹಾಕಿಸಿ ಮತ್ತೆ ಬಳಸುವವರಿದ್ದಾರೆ. ಒಮ್ಮೆ ಮಣಿದು ಮತ್ತೆ ನೇರಗೊಂಡ ಉಕ್ಕಿಗೆ ಮೊದಲಿನ ತಾಳಿಕೆ ಉಳಿಯುವುದಿಲ್ಲ. ಅಂಥ ಜಾಕನ್ನು ಇನ್ನೊಬ್ಬರಿಗೆ ಸೆಕೆಂಡ್ ಹ್ಯಾಂಡ್ ಎಂದು ಮಾರದೆ, ಯಾರೂ ಬಳಸಲಾಗದಂತೆ ಸ್ಕ್ರೂ ಕಳಚಿ ಗುಜರಿಗೆ ಹಾಕಬೇಕು.